ಓದುಗರ ಪ್ರಶ್ನೆ: ಗಿಟಾರಿನ ಫ್ರೆಟ್‌ಬೋರ್ಡಿಗೆ ಎಣ್ಣೆ ಹಚ್ಚುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಟಾರಿನ ಫ್ರೆಟ್‌ಬೋರ್ಡಿನ ಬಗ್ಗೆಯೇ ಇದ್ದವು. ಫ್ರೆಟ್‌ಬೋರ್ಡ್ ಅಂದರೆ ಗಿಟಾರಿನ ಕತ್ತಿನ (ನೆಕ್) ಮೇಲೆ ಬೆರಳು ಒತ್ತುವ ಕಟ್ಟಿಗೆಯ ಪಟ್ಟಿ, ಅದರ ಮೇಲಿನ ಅಡ್ಡ ಲೋಹದ ತಂತಿಗಳೇ ಫ್ರೆಟ್. ಹಾಗಾಗಿ ಉಳಿದ ವಾದ್ಯಗಳ ಪ್ರಶ್ನೆಗಳಲ್ಲಿ ಒಂದನ್ನಷ್ಟೇ ಕೊನೆಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾಲ್ಕು ವರ್ಷದ ಹಿಂದ ಕೊಂಡ ಅಕೌಸ್ಟಿಕ್ ಗಿಟಾರ್ ಐತ್ರಿ, ಫ್ರೆಟ್‌ಬೋರ್ಡ್ ರೋಸ್‌ವುಡ್‌ದು. ಮೊದಲ ಮೂರು ಫ್ರೆಟ್ ನಡುವ ಕರ್ರಗ ಜಿಡ್ಡು ಕುಂತೈತಿ, ಉಳಿದ ಕಡೆ ಕಟಿಗಿ ಬೂದಿ ಬಣ್ಣಕ್ಕ ತಿರಿಗೈತಿ. ಮನ್ಯಾಗ ನಾನೇ ಸ್ವಚ್ಛ ಮಾಡಬಹುದೇನ್ರಿ? ಎಲ್ಲಾ ತಂತಿ ಒಮ್ಮೆಲೇ ಬಿಚ್ಚಿದ್ರ ನೆಕ್ ಬಾಗತೈತಿ ಅಂತಾರ, ಖರೇ ಏನು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ ಮಾಡಬಹುದು. ಒಂದು ತಾಸಿನ ಕೆಲಸ. ತಂತಿ ಬಿಚ್ಚಿದರೆ ನೆಕ್ ಹಾಳಾಗುತ್ತದೆ ಅನ್ನೋದು ಬರೀ ಹೆದರಿಕೆ. ಒಂದೆರಡು ತಾಸು ತಂತಿ ಇಲ್ಲದೆ ಇಟ್ಟರೆ ನೆಕ್ಕಿಗೆ ಏನೂ ಆಗುವುದಿಲ್ಲ, ಮತ್ತೆ ಶ್ರುತಿ ಏರಿಸಿದಾಗ ಮೊದಲಿನ ಸ್ಥಿತಿಗೆ ಬರುತ್ತದೆ. ಆದರೆ ಒಂದು ತಂತಿಯನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗುವುದಕ್ಕಿಂತ, ಆರೂ ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಆಮೇಲೆ ತೆಗೆಯಿರಿ. ಬ್ರಿಡ್ಜ್ ಪಿನ್ (ಗಿಟಾರಿನ ಒಡಲಿನ ಕಡೆ ತಂತಿಯ ತುದಿ ಹಿಡಿದಿಡುವ ಸಣ್ಣ ಗೂಟ) ಬಿಗಿಯಾಗಿದ್ದರೆ ಇಕ್ಕಳ ಹಾಕಿ ಜಗ್ಗಬೇಡಿ, ಪಿನ್ನಿನ ತಲೆ ಮುರಿಯುತ್ತದೆ. ಸೌಂಡ್‌ಹೋಲ್, ಅಂದರೆ ಒಡಲಿನ ದುಂಡು ತೂತಿನೊಳಗೆ ಕೈ ಹಾಕಿ, ಪಿನ್ನಿನ ತುದಿಯನ್ನು ನಾಣ್ಯದಿಂದ ಕೆಳಗಿನಿಂದ ಮೇಲಕ್ಕೆ ನೂಕಿದರೆ ಸುಲಭವಾಗಿ ಬರುತ್ತದೆ. ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಗಾಡಿಗಳಿರುವ ಸಣ್ಣ ಪಟ್ಟಿ) ಅಂಟು ಬಿಟ್ಟಿದ್ದರೆ ತಂತಿಯ ಜೊತೆ ಅದೂ ಕೈಗೆ ಬರಬಹುದು. ಯಾವ ಬದಿ ಯಾವ ಕಡೆಗಿತ್ತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತೆಗೆದಿಡಿ.

ಗಿಟಾರನ್ನು ಚಾದರದ ಮೇಲೆ ಮಲಗಿಸಿ, ನೆಕ್ಕಿನ ಕೆಳಗೆ ಸುರುಳಿ ಸುತ್ತಿದ ಟವೆಲ್ ಕೊಡಿ. ಸೌಂಡ್‌ಹೋಲ್ ಮೇಲೆ ದಪ್ಪ ಕಾಗದ ಇಟ್ಟು, ಫ್ರೆಟ್‌ಬೋರ್ಡಿನ ಅಂಚಿನ ಪಾಲಿಶ್ ಭಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಪೇಂಟ್ ಅಂಗಡಿಯಲ್ಲಿ ಸಿಗುವ ಬಿಳಿ ಕಾಗದದ ಟೇಪ್ ಸಾಕು. ಹಳೆಯ ಗಿಟಾರಾದರೆ ಟೇಪನ್ನು ಮೊದಲು ಒಮ್ಮೆ ಬಟ್ಟೆಗೆ ಅಂಟಿಸಿ ಕಿತ್ತು, ಅಂಟಿನ ಜೋರು ಕಡಿಮೆ ಮಾಡಿ ಆಮೇಲೆ ಹಚ್ಚಿ. ಇಲ್ಲದಿದ್ದರೆ ಟೇಪ್ ಕೀಳುವಾಗ ಪಾಲಿಶ್ ಚಕ್ಕೆ ಏಳುತ್ತದೆ.

ಮೊದಲ ಸುತ್ತು ಪೂರ್ತಿ ಒಣ ಕೆಲಸ. ಮೆತ್ತಗಿನ ಹಳೆ ಟೂತ್‌ಬ್ರಷ್‌ನಿಂದ ಫ್ರೆಟ್ಟಿನ ಉದ್ದಕ್ಕೆ ತಿಕ್ಕಿ ಧೂಳು ತೆಗೆಯಿರಿ. ನಮ್ಮ ಕಡೆಯ ಕರಿಮಣ್ಣಿನ ಧೂಳು ಬೆವರಿನ ಜೊತೆ ಸೇರಿದರೆ ಗಟ್ಟಿಯಾಗಿ ಅಂಟುತ್ತದೆ. ಹಸಿ ಬಟ್ಟೆ ಮೊದಲೇ ಮುಟ್ಟಿಸಿದರೆ ಅದು ರಾಡಿಯಾಗಿ ಕಟ್ಟಿಗೆಯ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಬ್ರಷ್‌ಗೆ ಬಾರದ ಜಿಡ್ಡನ್ನು ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆಯಿರಿ. ಒಂದು ಫ್ರೆಟ್ಟಿನಿಂದ ಮುಂದಿನ ಫ್ರೆಟ್ಟಿಗೆ, ಅಂದರೆ ಕಟ್ಟಿಗೆಯ ಎಳೆ ಹರಿದ ದಿಕ್ಕಿಗೇ ಕೆರೆಯಬೇಕು. ಅಡ್ಡ ಕೆರೆದರೆ ಗೀರು ಬೀಳುತ್ತದೆ. ಒಣಗಿದ ಜಿಡ್ಡು ಸಣ್ಣ ಸುರುಳಿಗಳಾಗಿ ಏಳುವುದು ಕಣ್ಣಿಗೆ ಕಾಣುತ್ತದೆ. ಫ್ರೆಟ್ಟಿನ ಬುಡದ ಮೂಲೆಯಲ್ಲಿ ಕೂತದ್ದಕ್ಕೆ ಕಟ್ಟಿಗೆಯ ಟೂತ್‌ಪಿಕ್ ಬೇಕು. ಸೂಜಿ, ಬ್ಲೇಡ್ ಬೇಡ.

ಎರಡನೇ ಸುತ್ತಿಗೆ ನ್ಯಾಫ್ತಾ, ಅಂದರೆ ಬತ್ತಿ ಇರುವ ಲೈಟರಿಗೆ ತುಂಬುವ ದ್ರವ. ಅಂಗಡಿಯವರು ಗ್ಯಾಸ್ ಲೈಟರಿನ ಡಬ್ಬಿ ಕೊಟ್ಟಾರು, ಅದು ಬ್ಯೂಟೇನ್ ಅನಿಲ, ಈ ಕೆಲಸಕ್ಕೆ ಬರುವುದಿಲ್ಲ. ನ್ಯಾಫ್ತಾವನ್ನು ಐದಾರು ಹನಿ ಬಟ್ಟೆಗೆ ಹಾಕಿ ಒರೆಸಿ, ನೇರವಾಗಿ ಕಟ್ಟಿಗೆಯ ಮೇಲೆ ಸುರಿಯಬೇಡಿ. ಜಿಡ್ಡು ಕರಗಿ ಬಟ್ಟೆಗೆ ಬರುತ್ತದೆ, ದ್ರವ ನಿಮಿಷದೊಳಗೆ ಆರಿಹೋಗುತ್ತದೆ. ಬೇಗ ಬೆಂಕಿ ಹಿಡಿಯುವ ವಸ್ತು ಇದು: ಕಿಟಕಿ ತೆರೆದಿರಲಿ, ಆ ಕೋಣೆಯಲ್ಲಿ ದೇವರ ದೀಪ, ಊದಿನಕಡ್ಡಿ ಯಾವುದೂ ಇರಬಾರದು. ಸಿಗದಿದ್ದರೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿಬಿಡಿ. ಸೀಮೆಎಣ್ಣೆ, ಗಾಡಿಯ ಪೆಟ್ರೋಲ್ ಮಾತ್ರ ಬೇಡವೇ ಬೇಡ. ಸೀಮೆಎಣ್ಣೆ ಎಣ್ಣೆಪಸೆ ಬಿಡುತ್ತದೆ, ಅದರ ವಾಸನೆ ತಿಂಗಳಾದರೂ ಹೋಗದು.

ಇಷ್ಟಕ್ಕೂ ಜಗ್ಗದ ಜಿಡ್ಡಿಗೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ ಇದೆ, ಹತ್ತಿಯಷ್ಟು ಮೆತ್ತಗಿನದು. ಎಳೆಯ ದಿಕ್ಕಿಗೆ ಹಗುರವಾಗಿ ನಾಲ್ಕೈದು ಸಲ ತಿಕ್ಕಿದರೆ ಫ್ರೆಟ್ ಕೂಡ ಹೊಳೆಯುತ್ತದೆ. ಅಡಿಗೆಮನೆಯ ಸ್ಟೀಲ್ ಗುಂಜನ್ನೋ ಹಸಿರು ಸ್ಕ್ರಬ್ಬರನ್ನೋ ಅದರ ಬದಲು ಬಳಸಬೇಡಿ, ಎರಡೂ ಗೀರು ಬೀಳಿಸುತ್ತವೆ. ಎಲೆಕ್ಟ್ರಿಕ್ ಗಿಟಾರಾದರೆ ಸ್ಟೀಲ್ ವುಲ್ ಬಿಟ್ಟೇಬಿಡುವುದು ಲೇಸು. ಉದುರುವ ಕಬ್ಬಿಣದ ಪುಡಿ ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗ) ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ಭಾಳ ತ್ರಾಸಿನ ಕೆಲಸ.

ಕೊನೆಗೆ ಎಣ್ಣೆ. ಇಡೀ ಫ್ರೆಟ್‌ಬೋರ್ಡಿಗೆ ಆರರಿಂದ ಎಂಟು ಹನಿ, ಅದೂ ಬಟ್ಟೆಗೆ ಹಾಕಿ ತೆಳ್ಳಗೆ ಸವರಬೇಕು. ಐದು ನಿಮಿಷ ಬಿಡಿ. ನಿಮ್ಮದು ಬೂದಿ ಬಣ್ಣಕ್ಕೆ ತಿರುಗಿದೆ ಅಂದಿರಿ, ಹತ್ತು ನಿಮಿಷವಾದರೂ ನಡೆಯುತ್ತದೆ. ಆಮೇಲೆ ಒಣಬಟ್ಟೆಯಿಂದ ಒತ್ತಿ ಒರೆಸಿ, ಅರ್ಧ ತಾಸು ಬಿಟ್ಟು ಮತ್ತೊಮ್ಮೆ ಒರೆಸಿ. ಬೆರಳು ಆಡಿಸಿದಾಗ ಗುರುತು ಬಿದ್ದರೆ ಎಣ್ಣೆ ಇನ್ನೂ ಮೇಲೆಯೇ ನಿಂತಿದೆ ಎಂದು ಅರ್ಥ. ಹಳೆಯ ಕಾಟನ್ ಬನಿಯನ್ನಿಗಿಂತ ಒಳ್ಳೆಯ ಬಟ್ಟೆ ಇದಕ್ಕೆ ಬೇರೆ ಬೇಕಿಲ್ಲ.

ಪ್ರಶ್ನೆ: ಲೆಮನ್ ಆಯಿಲ್ ಅಂತ ಆನ್‌ಲೈನ್‌ನಾಗ ಸಣ್ಣ ಬಾಟ್ಲಿಗೇ ನೂರಾರು ರೂಪಾಯಿ ಐತ್ರಿ. ಮನ್ಯಾಗ ಗಾಣದ ಕುಸುಬಿ ಎಣ್ಣಿ, ಅಗಸಿ ಎಣ್ಣಿ, ಕೊಬ್ಬರಿ ಎಣ್ಣಿ ಎಲ್ಲಾ ಅದಾವ. ಕಟಿಗಿಗೆ ಯಾವುದಾದ್ರೇನು? ನಿಂಬಿಹಣ್ಣು ಹಿಂಡಿದ್ರ ನಡಿಯೂದಿಲ್ಲೇನು?
(ಮುಳಗುಂದ, ಗದಗ ಜಿಲ್ಲೆ)

ಉತ್ತರ: ನಿಂಬೆಹಣ್ಣನ್ನು ಮೊದಲು ಬದಿಗಿಡಿ. ಬಾಟಲಿಯ ಲೆಮನ್ ಆಯಿಲ್‌ನಲ್ಲಿ ನಿಂಬೆರಸ ಇರುವುದಿಲ್ಲ. ಅದರಲ್ಲಿ ಬಹುಪಾಲು ಮಿನರಲ್ ಆಯಿಲ್, ವಾಸನೆಗೆ ಚೂರು ಸಿಪ್ಪೆಯ ಎಣ್ಣೆಯೋ ಬರೀ ಸುಗಂಧವೋ ಸೇರಿರುತ್ತದೆ. ನಿಂಬೆರಸ ಹುಳಿ, ಫ್ರೆಟ್ಟಿನ ಲೋಹವನ್ನು ತಿನ್ನುತ್ತದೆ.

ಇನ್ನು ಗಾಣದ ಎಣ್ಣೆಗಳು. ಒಂದೊಂದರ ತಕರಾರೂ ಬೇರೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವ ಜಾತಿಯದು, ಪೇಂಟಿಗೆ ಬಳಸುವುದೂ ಆ ಗುಣಕ್ಕೇ. ಆದರೆ ಹಸಿ ಅಗಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಅಷ್ಟರೊಳಗೆ ಅಂಟಂಟಾದ ಪದರದ ಮೇಲೆ ಧೂಳು ಕೂತು, ಫ್ರೆಟ್ ಬುಡದಲ್ಲಿ ಕಂದು ಬಣ್ಣದ ಗೋಂದಿನಂತೆ ನಿಲ್ಲುತ್ತದೆ. ಅದನ್ನು ಕೆರೆಯುವ ಕಷ್ಟ ಮೊದಲಿನ ಜಿಡ್ಡಿಗಿಂತ ಹೆಚ್ಚು. ಇನ್ನೊಂದು ಅಪಾಯ ಭಾಳ ಮಂದಿಗೆ ಗೊತ್ತಿಲ್ಲ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಕಾದು ತಾನಾಗಿಯೇ ಬೆಂಕಿ ಹತ್ತಬಹುದು. ಯಾವುದೇ ಕಟ್ಟಿಗೆ ಕೆಲಸಕ್ಕೆ ಅಗಸಿ ಎಣ್ಣೆ ಬಳಸಿದರೂ ಆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಸಿ ಹರವಿ ಒಣಗಿಸಿ. ಹೊಸ ಗಿಟಾರ್ ಮಾಡುವಾಗ ಕೆಲವರು ಒಣಗುವ ಎಣ್ಣೆಯಿಂದಲೇ ನೆಕ್ಕಿಗೆ ಫಿನಿಶ್ ಕೊಡುತ್ತಾರೆ. ಅದು ಪದರ ಪದರವಾಗಿ ಒಣಗಿಸಿ ಉಜ್ಜುವ ಕೆಲಸ, ವರ್ಷಕ್ಕೊಮ್ಮೆ ಹಚ್ಚಿ ಒರೆಸುವ ಲೆಕ್ಕಕ್ಕೆ ಬರುವುದಿಲ್ಲ.

ಕುಸುಬಿಯೂ ನಿಧಾನಕ್ಕೆ ಒಣಗುವ ಎಣ್ಣೆಯೇ, ಕೊನೆಗೆ ಅದೇ ಅಂಟು. ಶೇಂಗಾ ಎಣ್ಣೆ ಒಣಗದೆ ಹಾಗೇ ಉಳಿದು ಕಮಟು ವಾಸನೆಗೆ ತಿರುಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ರಂಧ್ರಗಳ ತುಂಬ ಬೆಳ್ಳಗೆ ಚುಕ್ಕೆ ಕೂತಿರುತ್ತದೆ.

ಮಿನರಲ್ ಆಯಿಲ್ ಒಣಗುವುದೂ ಇಲ್ಲ, ಕೆಡುವುದೂ ಇಲ್ಲ. ದುಬಾರಿ ಬಾಟಲಿ ಬೇಡವೆಂದರೆ ಔಷಧ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಅದೂ ಇದೇ ವಸ್ತು. ನೀರಿನಂತೆ ಪಾರದರ್ಶಕವಾಗಿರುವುದನ್ನು ನೋಡಿ ತನ್ನಿ. ಮಲಬದ್ಧತೆಗೆ ಕೊಡುವ ಹಾಲಿನಂಥ ಬಿಳಿ ಔಷಧದಲ್ಲೂ ಪ್ಯಾರಾಫಿನ್ ಇರುತ್ತದೆ, ಆದರೆ ಅದರ ಜೊತೆ ಬೇರೆ ಪದಾರ್ಥಗಳೂ ಬೆರೆತಿರುತ್ತವೆ. ಅದು ಬೇಡ. 100 ಮಿಲಿ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಬೇಬಿ ಆಯಿಲ್ ಬಳಸುವುದಾದರೆ ಲೇಬಲ್ಲಿನಲ್ಲಿ ಮಿನರಲ್ ಆಯಿಲ್ ಮೊದಲಿಗಿದೆಯೇ ನೋಡಿ. ಬಾದಾಮಿ, ಆಲಿವ್ ಎಣ್ಣೆಯ ಬೇಬಿ ಆಯಿಲ್‌ಗಳೂ ಈಗ ಬಂದಿವೆ. ಸಿಲಿಕೋನ್ ಇರುವ ಫರ್ನಿಚರ್ ಪಾಲಿಶ್ ಸ್ಪ್ರೇ ಹೊಡೆಯಬೇಡಿ. ಮುಂದೆ ರಿಪೇರಿಗೆ ಕೊಟ್ಟಾಗ ಅಲ್ಲಿ ಪಾಲಿಶ್ ಕೂಡುವುದಿಲ್ಲ.

ಪ್ರಶ್ನೆ: ಕಟ್ಟಿಗೆ ಎಣ್ಣೆ ಕುಡಿಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಹಚ್ಚಬೇಕು ಎಂದು ಕ್ಲಾಸಿನಲ್ಲಿ ಹೇಳಿದ್ದಾರೆ. ಹೌದೇ?
(ಸಪ್ತಾಪುರ, ಧಾರವಾಡ)

ಉತ್ತರ: ಅಲ್ಲ. ವರ್ಷಕ್ಕೆ ಒಮ್ಮೆ, ದಿನಾ ನಾಲ್ಕು ತಾಸು ನುಡಿಸುವವರಾದರೆ ಎರಡು ಸಲ. ಕಟ್ಟಿಗೆ ಹಿಗ್ಗುವುದು, ಕುಗ್ಗುವುದು ಗಾಳಿಯ ತೇವದಿಂದ. ಎಣ್ಣೆ ನೀರಿನ ಬದಲು ಕೆಲಸ ಮಾಡುವುದಿಲ್ಲ. ಅದು ಮೇಲ್ಮೈಗೆ ಇಳಿದು ಬಣ್ಣವನ್ನು ಗಾಢ ಮಾಡುತ್ತದೆ, ಬೆವರು ನೇರವಾಗಿ ಇಳಿಯುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಹಚ್ಚಿದರೆ ಹೆಚ್ಚಾದ ಎಣ್ಣೆ ಫ್ರೆಟ್ ಕೂಡಿಸಿದ ಸೀಳಿಗೆ ಇಳಿಯುತ್ತದೆ. ನಾಳೆ ಎದ್ದ ಫ್ರೆಟ್ಟನ್ನು ಅಂಟು ಹಾಕಿ ಕೂಡಿಸುವ ಪ್ರಸಂಗ ಬಂದರೆ ಅಲ್ಲಿ ಅಂಟು ಹಿಡಿಯುವುದಿಲ್ಲ. ಧಾರವಾಡದ ಹವೆಗೆ ದೀಪಾವಳಿ ಮುಗಿದು ಒಣಗಾಳಿ ಶುರುವಾದ ಮೇಲೆ ಹಚ್ಚುವುದು ಸರಿಯಾದ ಹೊತ್ತು. ಮಳೆಗಾಲದಲ್ಲಿ ಎಣ್ಣೆಯ ಗೊಡವೆಯೇ ಬೇಡ.

ತಿಂಗಳ ಲೆಕ್ಕ ಬೇಕೇ ಬೇಕೆಂದರೆ ಒರೆಸುವುದಕ್ಕೆ ಇಟ್ಟುಕೊಳ್ಳಿ. ನುಡಿಸಿದ ಮೇಲೆ ಪ್ರತಿಸಲ ತಂತಿಯ ಮೇಲೂ ಕೆಳಗೂ ಒಣಬಟ್ಟೆ ಆಡಿಸುವವರ ಫ್ರೆಟ್‌ಬೋರ್ಡಿಗೆ ಕೆರೆಯುವ ಕೆಲಸವೇ ಬೀಳುವುದಿಲ್ಲ. ಮಿರ್ಚಿ ಭಜಿ ತಿಂದ ಕೈ ಕಾಗದಕ್ಕೆ ಒರೆಸಿ ನೇರ ಗಿಟಾರ್ ಹಿಡಿಯುವ ರೂಢಿ ಇದ್ದವರ ಮಾತು ಬೇರೆ!

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಗಿಟಾರಿನ ಫ್ರೆಟ್‌ಬೋರ್ಡ್ ತಿಳಿ ಹಳದಿ ಮೇಪಲ್. ಅದಕ್ಕೂ ಇದೇ ಕ್ರಮವೇ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಇಲ್ಲ. ಮೇಪಲ್ ಫ್ರೆಟ್‌ಬೋರ್ಡುಗಳಿಗೆ ಸಾಮಾನ್ಯವಾಗಿ ಲ್ಯಾಕರ್ ಹೊದಿಕೆ ಇರುತ್ತದೆ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ: ಗಾಜಿನಂತೆ ಬೆಳಕು ಹೊಳೆದರೆ ಹೊದಿಕೆ ಇದೆ, ರಂಧ್ರಗಳು ಕಣ್ಣಿಗೆ ಬಿದ್ದು ಮಂಕಾಗಿದ್ದರೆ ಬರೀ ಕಟ್ಟಿಗೆ. ಹೊದಿಕೆಯ ಮೇಲೆ ಎಣ್ಣೆ ಹಚ್ಚಿದರೆ ಒಳಗಿಳಿಯಲು ಜಾಗವಿಲ್ಲದೆ ಜಿಡ್ಡಾಗಿ ನಿಲ್ಲುತ್ತದೆ. ಸ್ಟೀಲ್ ವುಲ್ ತಾಗಿಸಿದರೆ ಹೊಳಪು ಹೋಗುತ್ತದೆ. ಹಿಂಡಿದ ಹಸಿಬಟ್ಟೆ, ನಂತರ ಒಣಬಟ್ಟೆ, ಇಷ್ಟೇ ಸಾಕು. ಬೆರಳು ಹೆಚ್ಚು ಆಡುವ ಕಡೆ ಲ್ಯಾಕರ್ ಸವೆದು ಬೂದು ಕಲೆ ಬಿದ್ದಿದ್ದರೆ ಬೆವರು ಕಟ್ಟಿಗೆಗೆ ಇಳಿದಿದೆ ಎಂದು ಅರ್ಥ. ಅದನ್ನು ಎಣ್ಣೆಯಿಂದ ಮುಚ್ಚಲು ಹೋಗಬೇಡಿ, ಮುಂದೆ ಹೊಸ ಲ್ಯಾಕರ್ ಕೂಡುವುದಿಲ್ಲ. ಬ್ರಿಡ್ಜ್ ತೇಲುವ ಮಾದರಿಯದಾದರೆ (ಒಂದು ಕಡೆ ತಂತಿ, ಇನ್ನೊಂದು ಕಡೆ ಸ್ಪ್ರಿಂಗ್ ಎಳೆತದ ನಡುವೆ ನಿಲ್ಲುವಂಥದ್ದು) ತಂತಿ ಬಿಚ್ಚುವ ಮುಂಚೆ ಅದರ ಹಿಂದೆ ಮಡಿಸಿದ ಬಟ್ಟೆ ತುರುಕಿ, ಇಲ್ಲದಿದ್ದರೆ ಸ್ಪ್ರಿಂಗ್ ಎಳೆತಕ್ಕೆ ಬ್ರಿಡ್ಜ್ ಒಳಗೆ ಕುಸಿಯುತ್ತದೆ.

ಪ್ರಶ್ನೆ: ಅಗ್ಗದ ಗಿಟಾರ್ರಿ. ಒರಸಿದ್ರ ಬಟ್ಟಿ ಕರ್ರಗ ಆಗೂದು ನಿಲ್ಲವಲ್ದು. ಎಷ್ಟು ಹೊಲಸು ಇರಬಹುದು?
(ರಾಣೆಬೆನ್ನೂರು)

ಉತ್ತರ: ಅದು ಹೊಲಸಲ್ಲ, ಬಣ್ಣ. ತಿಳಿ ಬಣ್ಣದ ಕಟ್ಟಿಗೆಗೆ ಕಪ್ಪು ಬಳಿದು ಎಬೊನಿ ಎಂಬ ಕಪ್ಪು ಕಟ್ಟಿಗೆಯಂತೆ ಕಾಣಿಸಿರುತ್ತಾರೆ. ಅಂಥದಕ್ಕೆ ನ್ಯಾಫ್ತಾ, ಸ್ಪಿರಿಟ್ ಮುಟ್ಟಿಸಬೇಡಿ. ಒಣ ಬ್ರಷ್, ಒಣಬಟ್ಟೆ, ಕೊನೆಗೆ ಮೂರು ನಾಲ್ಕು ಹನಿ ಮಿನರಲ್ ಆಯಿಲ್. ಬಣ್ಣ ಹೋದ ಕಡೆ ಮಾರ್ಕರ್ ಪೆನ್ನು ತಿಕ್ಕುವವರಿದ್ದಾರೆ, ಅದು ನಾಲ್ಕು ದಿನದಲ್ಲಿ ಬೆರಳಿಗೆ ಬರುತ್ತದೆ.

ಅಗ್ಗದ ಗಿಟಾರಿನದೆಲ್ಲ ಕೆಟ್ಟ ಕಟ್ಟಿಗೆ ಎಂದಲ್ಲ. 2017ರ ಜನವರಿಯಿಂದ ರೋಸ್‌ವುಡ್ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ನಿರ್ಬಂಧ ಬಂದಾಗ ಹಲವು ಕಂಪನಿಗಳು ಬೇರೆ ಮರಗಳತ್ತ ತಿರುಗಿದವು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಆ ಹೊತ್ತಿಗೆ ಬಂದ ಮರಗಳಲ್ಲಿ ಒಂದು ಇಂಡಿಯನ್ ಲಾರೆಲ್, ಅಂದರೆ ಹಳಿಯಾಳ, ದಾಂಡೇಲಿ ಕಾಡಿನಲ್ಲಿ ಬೇಕಾದಷ್ಟಿರುವ ನಮ್ಮ ಮತ್ತಿ ಮರ. ಕಂದು ಬಣ್ಣದ ನಡುವೆ ಗೆರೆ ಕಂಡರೆ ಅದೇ ಇರಬಹುದು. ಅದರ ಆರೈಕೆ ರೋಸ್‌ವುಡ್‌ನಂತೆಯೇ.

ಪ್ರಶ್ನೆ: ಅಂಗಡಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಗಿಟಾರ್ ಅಲ್ಲೇ ಗೋಡೆಗೆ ನೇತಾಡುತ್ತದೆ. ಫ್ರೆಟ್‌ಬೋರ್ಡಿನ ಮೇಲೆ ಕೆಂಪು ಧೂಳು ಕೂತಿದೆ, ಹಸಿಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಹರಡುತ್ತದೆ.
(ಬ್ಯಾಡಗಿ)

ಉತ್ತರ: ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಹೆಸರು. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಅಲ್ಲ. ಹಾಗಾಗಿ ಹಸಿಬಟ್ಟೆ ಅದನ್ನು ತೆಗೆಯುವುದಿಲ್ಲ, ಸವರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಒಯ್ದು ಒಣ ಬ್ರಷ್‌ನಿಂದ ಕೊಡವಿ. ಉಳಿದದ್ದನ್ನು ನ್ಯಾಫ್ತಾ ಬಟ್ಟೆಯಿಂದ ಒರೆಸಿ. ಧೂಳು ಹೋಗುವ ಮುಂಚೆ ಎಣ್ಣೆ ಹಚ್ಚಿದರೆ ಬಣ್ಣ ಕಟ್ಟಿಗೆಯ ರಂಧ್ರಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ನುಡಿಸುವ ಮುಂಚೆ ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ, ಬರೀ ನೀರಿಗೆ ಖಾರ ಬಿಡುವುದಿಲ್ಲ. ಗಿಟಾರ್ ಚೀಲದೊಳಗಿರಲಿ, ಗೋಡೆಯ ಮೇಲಲ್ಲ.

ಪ್ರಶ್ನೆ: ಫ್ರೆಟ್ ಬದಿಗೆ ಹಸಿರು ಹಿಡದೈತಿ. ಹುಣಸಿಹಣ್ಣು ಹಚ್ಚಿ ತಿಕ್ಕಲೇನ್ರಿ?
(ಬೆಟಗೇರಿ, ಗದಗ)

ಉತ್ತರ: ಹುಣಸೆಹಣ್ಣು ತಾಮ್ರದ ಹಂಡೆಗೆ ಸರಿ, ಇಲ್ಲಿ ಬೇಡ. ಹುಳಿ ನೀರು ಫ್ರೆಟ್ ಬುಡಕ್ಕೆ ಇಳಿಯುತ್ತದೆ. ಪಿತಾಂಬರಿ ಪುಡಿಯದೂ ಅದೇ ಗತಿ. ಫ್ರೆಟ್ ತಂತಿ ಸಾಮಾನ್ಯವಾಗಿ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ್ದು, ಹೆಸರಲ್ಲಿ ಮಾತ್ರ ಬೆಳ್ಳಿ. ಒಳಗಿರುವುದು ತಾಮ್ರ, ನಿಕಲ್, ಸತು. ಬೆವರಿನ ಉಪ್ಪಿಗೆ ತಾಮ್ರ ಹಸಿರಾಗುತ್ತದೆ.

ಪ್ರತಿ ಫ್ರೆಟ್ಟಿನ ಎರಡೂ ಬದಿಯ ಕಟ್ಟಿಗೆಯನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಗೆ ಚೂರು ಬ್ರಾಸೊ (ಲೋಹದ ಪಾಲಿಶ್) ತಾಗಿಸಿ ಫ್ರೆಟ್ಟಿನ ಉದ್ದಕ್ಕೆ ತಿಕ್ಕಿ. ಹತ್ತಿ ಕಪ್ಪಾದಾಗ ಕಡ್ಡಿ ಬದಲಿಸಿ, ಒಣಬಟ್ಟೆಯಿಂದ ಒರೆಸಿ ಆಮೇಲೆ ಟೇಪ್ ಕೀಳಿ. ಟೇಪ್ ಇಲ್ಲದೆ ಮಾಡಿದರೆ ಬ್ರಾಸೊದ ಬಿಳಿ ಪುಡಿ ಕಟ್ಟಿಗೆಯ ಎಳೆಯೊಳಗೆ ಕೂತು ಹೋಗುವುದೇ ಇಲ್ಲ. ಈ ಕೆಲಸ ಎಣ್ಣೆ ಹಚ್ಚುವ ಮುಂಚೆಯೇ ಮುಗಿಯಬೇಕು, ಎಣ್ಣೆ ಆದ ಮೇಲೆ ಟೇಪ್ ಅಂಟುವುದಿಲ್ಲ. ತಂತಿಯ ಕೆಳಗೆ ಫ್ರೆಟ್ ಗುಳಿ ಬಿದ್ದಿದ್ದರೆ ಎಷ್ಟು ಹೊಳಪು ಕೊಟ್ಟರೂ ಸ್ವರ ಗಿರಗಿರ ಅನ್ನುವುದು ಹೋಗದು. ಅದಕ್ಕೆ ಫ್ರೆಟ್ ಸಮ ಮಾಡಿಸಬೇಕು.

ಪ್ರಶ್ನೆ: ಏಪ್ರಿಲ್ ಬಂದ್ರ ಫ್ರೆಟ್ ತುದಿ ಕೈಗೆ ಚುಚ್ಚತಾವ, ಮಳಿಗಾಲಕ್ಕ ಸರಿ ಹೋಗತಾವ. ಎಣ್ಣಿ ಹಚ್ಚಿದ್ರೂ ಕಡಿಮಿ ಆಗಿಲ್ಲ.
(ಗದಗ)

ಉತ್ತರ: ಆಗುವುದೂ ಇಲ್ಲ. ಒಣ ಹವೆಗೆ ಫ್ರೆಟ್‌ಬೋರ್ಡ್ ಅಡ್ಡಕ್ಕೆ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಹೊರಗೆ ಉಳಿಯುತ್ತದೆ. ಮಳೆ ಬಿದ್ದು ಕಟ್ಟಿಗೆ ತೇವ ಹಿಡಿದಾಗ ಮತ್ತೆ ಒಳಗೆ ಸೇರುತ್ತದೆ. ನೀವೇ ಗಮನಿಸಿದ್ದೀರಿ, ಕಾರಣ ಹವೆಯೇ.

ಗಿಟಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ 45ರಿಂದ 55 ಶೇಕಡಾ. ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದು ಕೇಸಿನೊಳಗಿಡಿ. 40ರ ಕೆಳಗೆ ಇಳಿದರೆ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಸ್ಪಂಜಿನ ತುಂಡು ನೆನೆಸಿ, ಹನಿ ಬೀಳದಷ್ಟು ಹಿಂಡಿ, ಕೇಸಿನಲ್ಲಿ ಹೆಡ್‌ಸ್ಟಾಕ್ (ಕಿವಿ ತಿರುಗಿಸುವ ತಲೆಭಾಗ) ಹತ್ತಿರ ಇಡಿ, ಕಟ್ಟಿಗೆಗೆ ತಾಗಬಾರದು. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ನೋಡಿ. ಬಟ್ಟೆಯ ಚೀಲದಲ್ಲಿ ತೇವ ನಿಲ್ಲುವುದಿಲ್ಲ, ಗಟ್ಟಿ ಕೇಸೇ ಬೇಕು. ಏರ್ ಕೂಲರಿನ ನೇರ ಗಾಳಿಗೆ ಗಿಟಾರ್ ಇಡಬೇಡಿ: ಹಗಲು ತೇವ, ಕೂಲರ್ ನಿಲ್ಲಿಸಿದ ಮೇಲೆ ಒಣಗಾಳಿ, ಈ ಏರಿಳಿತ ಒಂದೇ ಸಮನೆ ಒಣಗಿರುವುದಕ್ಕಿಂತ ಕೆಟ್ಟದ್ದು. ಬಿಸಿಲಿಗೆ ನಿಂತ ಕಾರಂತೂ ಬೇಡವೇ ಬೇಡ.

ಇಷ್ಟಾಗಿಯೂ ಚುಚ್ಚಿದರೆ ತುದಿಗಳನ್ನು ಸಣ್ಣ ಅರದಿಂದ ಓರೆಯಾಗಿ ಉಜ್ಜಿಸಬೇಕು. ಅದನ್ನು ಬೇಸಿಗೆಯಲ್ಲೇ, ತುದಿ ಪೂರ್ತಿ ಹೊರಬಂದಾಗಲೇ ಮಾಡಿಸಿ. ಮಳೆಗಾಲದಲ್ಲಿ ಉಜ್ಜಿಸಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಅದೇ ಹಾಡು. ಅಂಚಿನ ಪಾಲಿಶ್‌ಗೆ ಅರ ತಾಗದಂತೆ ಮಾಡಲು ಕೈ ಪಳಗಿರಬೇಕು, ರಿಪೇರಿಯವರಿಗೇ ಬಿಡಿ.

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಸಿತಾರ ಇದೆ. ದಾಂಡಿಗೂ ಪರದೆಗೂ ಇದೇ ರೀತಿ ಎಣ್ಣೆ ಹಚ್ಚಬಹುದೇ?
(ಮಾಳಮಡ್ಡಿ, ಧಾರವಾಡ)

ಉತ್ತರ: ದಾಂಡಿಗೆ (ಸಿತಾರದ ಉದ್ದನೆಯ ಕತ್ತು) ಬೇಡ. ಪರದೆ ಅಂದರೆ ಸಿತಾರದ ಫ್ರೆಟ್ಟುಗಳು. ಸಿತಾರದ ದಾಂಡಿ ಹೆಚ್ಚಾಗಿ ತುನ್ ಮರದ್ದು ಇಲ್ಲವೇ ಸಾಗವಾನಿಯದು, ಹಳೆಯ ವಾದ್ಯಗಳಿಗೆ ಅರಗಿನ ಫ್ರೆಂಚ್ ಪಾಲಿಶ್ ಇರುತ್ತದೆ. ಗಿಟಾರಿನಂತೆ ಇಲ್ಲಿ ಬೆರಳು ಕಟ್ಟಿಗೆಗೆ ಒತ್ತುವುದೂ ಇಲ್ಲ, ಪರದೆಗಳು ಮೇಲೆ ಕಮಾನಿನಂತೆ ನಿಂತಿರುತ್ತವೆ. ಒಣ ಮೆತ್ತನೆ ಬಟ್ಟೆ, ಪರದೆಗಳ ನಡುವಿನ ಧೂಳಿಗೆ ಬಣ್ಣ ಬಳಿಯುವ ಸಣ್ಣ ಬ್ರಷ್ ಸಾಕು. ಸ್ಪಿರಿಟ್, ಸ್ಯಾನಿಟೈಜರ್ ಹತ್ತಿರವೂ ತರಬೇಡಿ, ಅರಗಿನ ಪಾಲಿಶ್ ಅದರಲ್ಲಿ ಕರಗುತ್ತದೆ. ವಾದಕರು ಬೆರಳು ಜಾರಲೆಂದು ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯ ಪಸೆ ಪರದೆಗಳ ಮೇಲೆ ಕಪ್ಪಾಗಿ ಕೂತಿದ್ದರೆ ನುಡಿಸಿದ ದಿನವೇ ಒಣಬಟ್ಟೆಯಿಂದ ಒರೆಸುವ ರೂಢಿ ಇಟ್ಟುಕೊಳ್ಳಿ. ಪರದೆ ಕಟ್ಟಿದ ದಾರಕ್ಕೆ ಎಣ್ಣೆ ತಾಗಿದರೆ ದಾರ ಸಡಿಲಾಗಿ ಪರದೆ ಜಾರುತ್ತದೆ, ಸ್ವರಸ್ಥಾನ ತಪ್ಪುತ್ತದೆ. ದಾರ ಹಳತಾಗಿದ್ದರೆ ಪರದೆ ಸರಿಸುವ ಮುಂಚೆ ಪ್ರತಿಯೊಂದರ ಜಾಗವನ್ನು ದಾಂಡಿಯ ಬದಿಗೆ ಟೇಪಿನ ಚೂರು ಹಚ್ಚಿ ಗುರುತಿಸಿಕೊಂಡು, ಕಟ್ಟಲು ಬಲ್ಲವರ ಹತ್ತಿರ ಒಯ್ಯಿರಿ.